ಪೂರ್ಣ ಮತ್ತು ಅಂತಿಮ: ಬಜ್ಪೆ ವಿಮಾನ ದುರಂತದ ಪರಿಹಾರ ನಮ್ಮೂರಿಗೆ ಹೇಳುವುದೇನು?

ಕಳೆದ ಮಳೆಗಾಲದಲ್ಲಿ ನಾವು ಕಾರ್ಕಳ ತಾಲೂಕಿನ ಒಂದು ಮನೆಗೆ ಹೋದದ್ದು ಅಡಿಕೆ ಕೊಳೆರೋಗದ ಸುದ್ದಿಗೆ. ಮಾತು ಮುಗಿಸಿ ಏಳುವಾಗ ಮನೆಯ ಅಮ್ಮ ಒಳಗಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತಂದರು.

"ಪೇಪರಿನವರೇ, ಇದ್ರಲ್ಲಿ ಎಂತ ಬರ್ದುಂಟು ಅಂತ ಸ್ವಲ್ಪ ನೋಡಿ ಹೇಳಿ. ಸೈನ್ ಹಾಕ್ಲಿಕ್ಕೆ ಹೇಳಿದ್ದಾರೆ. ಹಾಕ್ಬಹುದಾ?"

ಜಗಲಿಯ ಮೂಲೆಯಲ್ಲಿ ಅವರ ಮಗ ಕಾಲು ನೀಡಿ ಕೂತಿದ್ದ. ಅಡಿಕೆ ಮರ ಹತ್ತಿ ಮದ್ದು ಬಿಡುವುದು, ಕೊನೆ ತೆಗೆಯುವುದು ಅವನ ಕೆಲಸ. ಬೈಕಿನಲ್ಲಿ ಹೋಗುವಾಗ ಕಾರು ಗುದ್ದಿತ್ತು. ಕಾಲಿಗೆ ರಾಡ್ ಹಾಕಿದ್ದಾರೆ. ಕಾಗದ ವಿಮಾ ಕಂಪನಿಯ ಕಡೆಯಿಂದ ಬಂದದ್ದು, ಇಂಗ್ಲಿಷಿನಲ್ಲಿತ್ತು. ಒಂದು ಮೊತ್ತ ಬರೆದಿದ್ದರು. ಕೆಳಗೆ, ಈ ಹಣ ಪೂರ್ಣ ಮತ್ತು ಅಂತಿಮ, ಇನ್ನು ಮುಂದೆ ಈ ಅಪಘಾತದ ಬಗ್ಗೆ ಏನನ್ನೂ ಕೇಳುವುದಿಲ್ಲ ಎಂಬ ಮಾತಿತ್ತು.

ನಾವು ವಕೀಲರಲ್ಲ. "ಇವತ್ತು ಹಾಕಬೇಡಿ, ಕೇಳಿ ಹೇಳುತ್ತೇವೆ" ಎಂದಷ್ಟೇ ಹೇಳಿ ಬಂದೆವು. ಆದರೆ ಆ ಎರಡು ಶಬ್ದಗಳು ತಲೆಯಲ್ಲಿ ಉಳಿದವು. ಪೂರ್ಣ ಮತ್ತು ಅಂತಿಮ. ನಮ್ಮ ಕರಾವಳಿಯಲ್ಲಿ ಈ ಶಬ್ದಗಳು ಒಂದೇ ಕಾಲಕ್ಕೆ ನೂರಾರು ಮನೆಗಳ ಮುಂದೆ ಬಂದು ನಿಂತದ್ದು 2010ರ ವಿಮಾನ ದುರಂತದ ನಂತರ. ಆ ಕಥೆ ಗೊತ್ತಿದ್ದರೆ ಇಂಥ ಕಾಗದವನ್ನು ಓದುವುದು ಸ್ವಲ್ಪ ಸುಲಭ.

ಆ ಶನಿವಾರ ಬೆಳಗ್ಗೆ

2010ರ ಮೇ 22, ಶನಿವಾರ. ಬೆಳಗ್ಗೆ ಆರು ಗಂಟೆ ದಾಟಿತ್ತಷ್ಟೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಬಜ್ಪೆಯ ರನ್‌ವೇಯಲ್ಲಿ ನಿಲ್ಲಲಾಗದೆ ಮುಂದೆ ಓಡಿ, ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ವಿಮಾನದಲ್ಲಿದ್ದವರು 166 ಮಂದಿ. 158 ಮಂದಿ ತೀರಿಹೋದರು. ಎಂಟು ಮಂದಿ ಬದುಕಿದರು.

ನಮ್ಮ ಜಿಲ್ಲೆಗಳಲ್ಲಿ ದುಬೈ ವಿಮಾನ ಎಂದರೆ ಹೊರದೇಶದ ಸಂಗತಿಯಲ್ಲ. ಮನೆಯ ಸಾಲ, ತಂಗಿಯ ಮದುವೆ, ಹಂಚು ತೆಗೆದು ಟೆರೇಸು ಹಾಕುವುದು ಎಲ್ಲ ಅದೇ ದಾರಿಯಲ್ಲಿ ನಡೆದದ್ದು. ಕಾಸರಗೋಡಿನಿಂದ ಉಡುಪಿ, ಭಟ್ಕಳದವರೆಗಿನ ಊರುಗಳಿಗೆ ಬಜ್ಪೆಯೇ ಗಲ್ಫಿನ ಬಾಗಿಲು. ಗುರುತು ಸಿಗದ ಮೃತದೇಹಗಳಿಗೆ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ಕೊನೆಗೂ ಗುರುತಾಗದ 12 ದೇಹಗಳನ್ನು ಕೂಳೂರು-ತಣ್ಣೀರುಬಾವಿ ಬಳಿ ನದಿ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಇದೆ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿರಲಿಲ್ಲ, ಸಹ ಪೈಲಟ್ ಮತ್ತೆ ಮೇಲೇರಲು ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ ಎಂದು ವರದಿ ಹೇಳಿತು. ಹಾರಾಟದ ನಡುವೆ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಹೋಗಿದ್ದರು ಎಂಬುದೂ ಧ್ವನಿಮುದ್ರಣದಿಂದ ಗೊತ್ತಾಯಿತು. ಅಂದರೆ ಇದು ಹಣೆಬರಹ ಎಂದು ಕೈಬಿಡುವ ಸಂಗತಿ ಆಗಿರಲಿಲ್ಲ. ಹಾಗಾದರೆ ಪರಿಹಾರ ಎಷ್ಟು? ಯಾರು ನಿರ್ಧರಿಸುವುದು?

ಸಾವಿಗೆ ಲೆಕ್ಕ ಬಂದದ್ದು ಯಾವಾಗ

ಈ ಪ್ರಶ್ನೆಗೆ ಭಾರತದಲ್ಲಿ 150 ವರ್ಷಕ್ಕೂ ಹಳೆಯ ಇತಿಹಾಸ ಇದೆ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಒಂದು ವಿಚಿತ್ರ ಇತ್ತು. ಒಬ್ಬನ ಕೈ ಮುರಿದರೆ ಅವನು ಪರಿಹಾರ ಕೇಳಬಹುದಿತ್ತು. ಸತ್ತೇಹೋದರೆ ಮನೆಯವರು ಕೇಳುವಂತಿರಲಿಲ್ಲ. ರೈಲು ಬಂದು ಅಪಘಾತ ಹೆಚ್ಚಿದ ಮೇಲೆ 1846ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ತಿದ್ದಿದರು. ಅದೇ ಮಾದರಿಯಲ್ಲಿ 1855ರಲ್ಲಿ ಇಲ್ಲಿ ಮಾರಕ ಅಪಘಾತಗಳ ಕಾಯ್ದೆ ಬಂತು. ಇನ್ನೊಬ್ಬರ ತಪ್ಪಿನಿಂದ ಸತ್ತವರ ಹೆಂಡತಿ, ಗಂಡ, ತಂದೆ ತಾಯಿ, ಮಕ್ಕಳು ನಷ್ಟ ಕೇಳಬಹುದು ಎಂದಾಯಿತು.

1923ರ ಕಾರ್ಮಿಕರ ಪರಿಹಾರ ಕಾಯ್ದೆ ಇನ್ನೊಂದು ಹೆಜ್ಜೆ ಇಟ್ಟಿತು. ಕೆಲಸದಲ್ಲಿ ಗಾಯಗೊಂಡ ಕೂಲಿಕಾರನಿಗೆ ಕೂಲಿಯ ಆಧಾರದಲ್ಲಿ ಇಷ್ಟು ಎಂದು ಪಟ್ಟಿ ಮಾಡಿತು. ರಸ್ತೆ ಅಪಘಾತಕ್ಕೆ 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. 1956ರ ತಿದ್ದುಪಡಿಯಲ್ಲಿ ಇದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗೆ ದಾರಿಯಾಯಿತು. ನಾವು ಇವತ್ತು "ಎಂವಿಸಿ ಕೇಸು" ಎಂದು ಕರೆಯುವುದರ ಮೂಲ ಅದು. ಈಗ ನಡೆಯುತ್ತಿರುವುದು 1988ರ ಕಾಯ್ದೆ.

ಇವುಗಳಲ್ಲೆಲ್ಲ ಒಂದು ಮಾತು ಸಮಾನ. ಸತ್ತವರ ಜೀವಕ್ಕೆ ಬೆಲೆ ಎಷ್ಟು ಎಂದು ಕಾನೂನು ಕೇಳುವುದಿಲ್ಲ. ಅವರನ್ನು ನಂಬಿದ್ದವರಿಗೆ ದುಡ್ಡಿನಲ್ಲಿ ಆದ ನಷ್ಟ ಎಷ್ಟು ಎಂದು ಕೇಳುತ್ತದೆ. ಇದು ಕೇಳಲು ಕಟುವಾದ ಮಾತು. ಆದರೆ ಮುಂದಿನ ಎಲ್ಲ ಲೆಕ್ಕ ಇದರ ಮೇಲೆಯೇ ನಿಂತಿದೆ.

ವಿಮಾನಕ್ಕೆ ಬೇರೆಯದೇ ಕಾನೂನು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬಹಳ ಕಾಲ ಇದ್ದ ಹಳೆಯ ನಿಯಮದ ಪ್ರಕಾರ ವಿಮಾನ ಕಂಪನಿಯ ಹೊಣೆಗೆ ಸುಮಾರು 20 ಸಾವಿರ ಡಾಲರಿನ ಮಿತಿ ಇತ್ತು. 1999ರ ಮಾಂಟ್ರಿಯಲ್ ಒಪ್ಪಂದ ಅದನ್ನು ಬದಲಿಸಿತು. ಭಾರತದಲ್ಲಿ ಆ ಒಪ್ಪಂದ ಜಾರಿಗೆ ಬಂದದ್ದು 2009ರ ಜೂನ್ 30ಕ್ಕೆ. ಬಜ್ಪೆ ದುರಂತಕ್ಕೆ ಒಂದು ವರ್ಷವೂ ಮುಂಚೆ ಅಲ್ಲ.

ಹೊಸ ನಿಯಮದಲ್ಲಿ ಎರಡು ಮೆಟ್ಟಿಲು ಇತ್ತು. ಒಂದು ಲಕ್ಷ ಎಸ್‌ಡಿಆರ್‌ವರೆಗೆ ಕಂಪನಿ "ನಮ್ಮ ತಪ್ಪಿಲ್ಲ" ಎಂದು ಜಾರಿಕೊಳ್ಳುವಂತಿಲ್ಲ. ಅದಕ್ಕಿಂತ ಮೇಲಿನ ನಷ್ಟವನ್ನೂ ಕೊಡಬೇಕು, ತಪ್ಪಿಲ್ಲ ಎಂದು ಕಂಪನಿಯೇ ಸಾಬೀತು ಮಾಡಿದರೆ ಮಾತ್ರ ಬಿಡುಗಡೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಆಗಿನ ದರದಲ್ಲಿ ಒಂದು ಲಕ್ಷ ಎಸ್‌ಡಿಆರ್ ಸುಮಾರು 75 ಲಕ್ಷ ರೂಪಾಯಿ.

ರಾಜಿಯ ಮೇಜು

ಮೊದಲು ಬಂದದ್ದು ಮಧ್ಯಂತರ ಹಣ. 12 ವರ್ಷ ದಾಟಿದ ಮೃತರ ಕುಟುಂಬಕ್ಕೆ 10 ಲಕ್ಷ, ಅದಕ್ಕಿಂತ ಚಿಕ್ಕ ಮಕ್ಕಳನ್ನು ಕಳೆದುಕೊಂಡವರಿಗೆ 5 ಲಕ್ಷ, ಗಾಯಾಳುಗಳಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಕಂಪನಿ ಘೋಷಿಸಿತು. ಅಂತಿಮ ಪರಿಹಾರದ ಮಾತುಕತೆಗೆ ಕಂಪನಿಯ ಪರವಾಗಿ ಬಂದದ್ದು ಮುಂಬೈಯ ಹಳೆಯ ವಕೀಲರ ಸಂಸ್ಥೆ ಮುಲ್ಲಾ ಅಂಡ್ ಮುಲ್ಲಾ ಅಂಡ್ ಕ್ರೇಗಿ ಬ್ಲಂಟ್ ಅಂಡ್ ಕೆರೊ. ಕುಟುಂಬಗಳನ್ನು ಒಂದೊಂದಾಗಿ ಕರೆದು, ದಾಖಲೆ ನೋಡಿ, ಮೊತ್ತ ಹೇಳಿ, ಒಪ್ಪಿದರೆ ಸಹಿ. ಕೋರ್ಟಿನ ಮೆಟ್ಟಿಲು ಹತ್ತದೆ ನಡೆಯುವ ರಾಜಿ ಅದು.

ಮೇಜಿನ ಎರಡು ಕಡೆ ಸಮ ಇರಲಿಲ್ಲ. ಒಂದು ಕಡೆ ಇದನ್ನೇ ವೃತ್ತಿ ಮಾಡಿಕೊಂಡ ವಕೀಲರು. ಅವರು ತಮ್ಮ ಕಕ್ಷಿಗಾರನ ಪರ ಮಾತಾಡುವುದು ಅವರ ಕೆಲಸ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಇನ್ನೊಂದು ಕಡೆ ಎಸ್‌ಡಿಆರ್ ಎಂಬ ಶಬ್ದವನ್ನೇ ಮೊದಲ ಸಲ ಕೇಳಿದ ಹೆಂಡತಿಯರು, ಅಪ್ಪಂದಿರು. ಒಬ್ಬೊಬ್ಬರಿಗೆ ಹೇಳಿದ ಮೊತ್ತ ಒಂದೊಂದು. ಒಂದೇ ವಿಮಾನ, ಒಂದೇ ಸಾಲಿನ ಸೀಟು, ಆದರೆ ಪರಿಹಾರದಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. "ಅವರಿಗೆ ಅಷ್ಟು, ನಮಗೆ ಯಾಕೆ ಇಷ್ಟು?" ಎಂಬ ಪ್ರಶ್ನೆ ಏಳದೆ ಇರುತ್ತದೆಯೇ?

ಉತ್ತರ ಇದ್ದದ್ದು 1855ರಿಂದ ಬಂದ ಅದೇ ಲೆಕ್ಕದಲ್ಲಿ. ವಯಸ್ಸು ಎಷ್ಟು, ಸಂಬಳ ಎಷ್ಟು, ನಂಬಿದವರು ಎಷ್ಟು ಮಂದಿ. ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಮನೆಗೆ ಸಂಬಳದ ಪತ್ರ ಇತ್ತು. ಅಂಗಡಿಯಲ್ಲಿ, ಹೋಟೆಲಿನಲ್ಲಿ ದುಡಿದು ಹುಂಡಿಯಲ್ಲಿ ಹಣ ಕಳಿಸುತ್ತಿದ್ದವರಿಗೆ ಪತ್ರ ಎಲ್ಲಿಂದ ಬರಬೇಕು? ಮನೆ ನಡೆದದ್ದು ಆ ಹಣದಿಂದಲೇ. ಆದರೆ ಹುಂಡಿಯ ಹಣಕ್ಕೆ ರಶೀದಿ ಇರುವುದಿಲ್ಲ. ಗೃಹಿಣಿ, ಮಗು, ಕೆಲಸ ಹುಡುಕಲು ಹೊರಟಿದ್ದ ಹುಡುಗ, ಇವರಿಗೆ ಸಂಬಳವೇ ಇಲ್ಲ.

ಸಮಯವೂ ಕಂಪನಿಯ ಕಡೆಗಿತ್ತು. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಎರಡು ವರ್ಷದೊಳಗೆ ದಾವೆ ಹಾಕದಿದ್ದರೆ ಹಕ್ಕೇ ಹೋಗುತ್ತದೆ. ಮನೆ ಸಾಲದ ಕಂತು ಮಾತ್ರ ಎರಡು ವರ್ಷ ಕಾಯುವುದಿಲ್ಲ. ಹೆಚ್ಚಿನ ಕುಟುಂಬಗಳು ರಾಜಿಗೆ ಸಹಿ ಹಾಕಿದವು.

75 ಲಕ್ಷ ಎಲ್ಲರಿಗೂ ಅಲ್ಲವೇ?

ಕಾಸರಗೋಡು ಕಡೆಯ ಒಂದು ಕುಟುಂಬ ಮಾತ್ರ ಬೇರೆ ದಾರಿ ಹಿಡಿಯಿತು. ಗಲ್ಫಿನಲ್ಲಿ ದುಡಿಯುತ್ತಿದ್ದ ಮಗನನ್ನು ಕಳೆದುಕೊಂಡ ತಂದೆ ಕೇರಳ ಹೈಕೋರ್ಟಿಗೆ ಹೋದರು. ಅವರ ವಾದ ಸರಳ. ಒಂದು ಲಕ್ಷ ಎಸ್‌ಡಿಆರ್‌ವರೆಗೆ ಕಂಪನಿ ಜಾರಿಕೊಳ್ಳುವಂತಿಲ್ಲ ಎಂದ ಮೇಲೆ ಅಷ್ಟು ಹಣ ಪ್ರತಿಯೊಬ್ಬರಿಗೂ ಸಿಗಬೇಕು.

2011ರ ಜುಲೈಯಲ್ಲಿ ಏಕಸದಸ್ಯ ಪೀಠ ಈ ವಾದವನ್ನು ಒಪ್ಪಿತು. ಕನಿಷ್ಠ 75 ಲಕ್ಷ ಎಂಬ ಸುದ್ದಿ ಕರಾವಳಿಯ ಮನೆ ಮನೆಗೆ ಮುಟ್ಟಿತು. ಆದರೆ ಕೆಲವೇ ವಾರಗಳಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಒಂದು ಲಕ್ಷ ಎಸ್‌ಡಿಆರ್ ಎಂಬುದು ಕಂಪನಿ ತಪ್ಪಿಸಿಕೊಳ್ಳಲಾಗದ ಹೊಣೆಯ ಗಡಿ, ಎಲ್ಲರಿಗೂ ಸಿಗುವ ಕನಿಷ್ಠ ಮೊತ್ತ ಅಲ್ಲ, ಆದ ನಷ್ಟವನ್ನು ಕುಟುಂಬ ತೋರಿಸಬೇಕು ಎಂದಿತು. ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯಿತು.

ಇಲ್ಲಿ ಎರಡು ನ್ಯಾಯಗಳು ಎದುರೆದುರು ನಿಂತಿವೆ. ಒಂದು ಹೇಳುತ್ತದೆ: ಸಾವಿನಲ್ಲಿ ಎಲ್ಲರೂ ಸಮ, ಹಣವೂ ಸಮ ಇರಲಿ. ಇನ್ನೊಂದು ಹೇಳುತ್ತದೆ: ನಷ್ಟ ಎಷ್ಟೋ ಅಷ್ಟೇ ತುಂಬಿಕೊಡಬೇಕು. ನಮ್ಮ ಊರಿನ ಪಂಚಾತಿಕೆಯಲ್ಲಿ ಕೇಳಿದರೆ ಮೊದಲನೆಯದಕ್ಕೇ ಹೆಚ್ಚು ಕೈ ಎದ್ದೀತು. ಕೋರ್ಟುಗಳು ನಡೆಯುವುದು ಎರಡನೆಯದರ ಮೇಲೆ.

ಹತ್ತು ವರ್ಷ ಕಾದ ಮನೆ

ಎರಡನೆಯ ದಾರಿಯಲ್ಲಿ ಕೊನೆಯವರೆಗೆ ಹೋದ ಇನ್ನೊಂದು ಕುಟುಂಬ ಇದೆ. ದುಬೈಯ ಕಂಪನಿಯೊಂದರಲ್ಲಿ ಹಿರಿಯ ಹುದ್ದೆಯಲ್ಲಿದ್ದ, 45 ವರ್ಷದ ಪ್ರಯಾಣಿಕರ ಹೆಂಡತಿ ಮಕ್ಕಳು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಆಯೋಗ 7.35 ಕೋಟಿ ರೂಪಾಯಿ ಎಂದಿತು. ಆದರೆ ಸಂಬಳದ ಕೆಲವು ಭತ್ಯೆಗಳನ್ನು ಲೆಕ್ಕದಿಂದ ಬಿಟ್ಟಿತ್ತು. ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯಿತು.

2020ರ ಮೇ ತಿಂಗಳಲ್ಲಿ, ದುರಂತ ನಡೆದು ಹತ್ತು ವರ್ಷ ತುಂಬುವ ಹೊತ್ತಿಗೆ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಮಾಲೀಕರು ಸಂಬಳವನ್ನು ತಮ್ಮ ಅನುಕೂಲಕ್ಕೆ ಬೇರೆ ಬೇರೆ ಹೆಸರಿನಲ್ಲಿ ಒಡೆದಿರಬಹುದು, ಆದರೆ ಸತ್ತವರ ಆದಾಯ ಲೆಕ್ಕ ಹಾಕುವಾಗ ಅವರಿಗೆ ಸಿಗಬೇಕಾದ ಪೂರ್ತಿ ಸಂಬಳವನ್ನು ನೋಡಬೇಕು ಎಂಬುದು ಅದರ ಸಾರ. ಮೊತ್ತ 7.64 ಕೋಟಿಗೆ ಏರಿತು, ಜೊತೆಗೆ ಶೇ 9ರ ಬಡ್ಡಿ.

ಈ ತೀರ್ಪು ಓದಿ "ರಾಜಿ ಮಾಡಿದವರೆಲ್ಲ ಮೋಸ ಹೋದರು" ಎಂದು ಹೇಳುವುದು ಸುಲಭ. ಅದು ಪೂರ್ತಿ ನಿಜ ಅಲ್ಲ. ಆ ಕುಟುಂಬಕ್ಕೆ ಸಂಬಳದ ಕಾಗದ ಇತ್ತು, ದೆಹಲಿಯವರೆಗೆ ಹೋಗುವ ಶಕ್ತಿ ಇತ್ತು. ತಿಂಗಳಿಗೆ ಹದಿನೈದು ಸಾವಿರ ಕಳಿಸುತ್ತಿದ್ದ ಹುಡುಗನ ಅಪ್ಪನಿಗೆ ಎರಡನೇ ವರ್ಷದಲ್ಲಿ ಕೈಗೆ ಬಂದ ಹಣ ಹತ್ತನೇ ವರ್ಷದ ತೀರ್ಪಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿರಬಹುದು. ರಾಜಿ ಮಾಡುವುದು ತಪ್ಪಲ್ಲ. ಎಷ್ಟು ಬಿಟ್ಟುಕೊಡುತ್ತಿದ್ದೇವೆ ಎಂದು ಗೊತ್ತಿಲ್ಲದೆ ರಾಜಿ ಮಾಡಬಾರದು.

ಸಹಿ ಬಿದ್ದ ಮೇಲೆ

ಸಹಿ ಎಷ್ಟು ಗಟ್ಟಿ ಎಂದು ತಿಳಿಯಲು ಭೋಪಾಲವನ್ನು ನೋಡಬೇಕು. 1984ರ ಡಿಸೆಂಬರಿನ ಅನಿಲ ದುರಂತದ ನಂತರ ಸಂತ್ರಸ್ತರೆಲ್ಲರ ಪರವಾಗಿ ಕೇಂದ್ರ ಸರ್ಕಾರವೇ ಮಾತುಕತೆ ಮಾಡಿತು. 1989ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಸತ್ತವರ, ಕಾಯಿಲೆ ಬಿದ್ದವರ ಲೆಕ್ಕ ಆಮೇಲೆ ಬಹಳ ಹೆಚ್ಚಾಯಿತು. ಇನ್ನಷ್ಟು ಹಣ ಬೇಕೆಂದು 2010ರಲ್ಲಿ ಸರ್ಕಾರವೇ ಕೋರ್ಟಿಗೆ ಹೋಯಿತು. 2023ರ ಮಾರ್ಚ್ 14ರಂದು ಐವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಮೋಸದಿಂದ ಆದ ರಾಜಿಯಾದರೆ ರದ್ದು ಮಾಡಬಹುದು, ಮೊತ್ತ ಸಾಲದು ಎಂಬ ಕಾರಣಕ್ಕೆ ಮತ್ತೆ ತೆರೆಯಲಾಗದು.

ಒಂದು ದೇಶದ ಸರ್ಕಾರವೇ ಮಾಡಿದ ಸಹಿಯನ್ನು ತೆರೆಯಲಾಗಲಿಲ್ಲ. ನಮ್ಮ ಜಗಲಿಯಲ್ಲಿ ಹಾಕಿದ ಸಹಿಯನ್ನು ತೆರೆಯುವುದು ಎಷ್ಟು ಕಷ್ಟ ಎಂದು ಯೋಚಿಸಿ. ಲೋಕ ಅದಾಲತ್‌ನಲ್ಲಿ ಆದ ರಾಜಿಯೂ ಹಾಗೆಯೇ. ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಬೇಗ ಮುಗಿಯುತ್ತದೆ ಎಂಬುದು ಅದರ ಗುಣ, ಮುಗಿದೇ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

ಲೆಕ್ಕ ಹೇಗೆ ಹಾಕುತ್ತಾರೆ

ಕಾಪು, ಉಚ್ಚಿಲ, ಪಡುಬಿದ್ರಿಯ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವವರಿಗೆ ವಿಮಾನಕ್ಕಿಂತ ರಸ್ತೆಯ ಲೆಕ್ಕ ಹತ್ತಿರದ್ದು. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪು ಅದನ್ನು ಬಹುಮಟ್ಟಿಗೆ ಒಂದೇ ಸೂತ್ರಕ್ಕೆ ತಂದಿವೆ. ಒಂದು ಉದಾಹರಣೆ ಮಾಡಿ ನೋಡೋಣ.

ಕಾಪುವಿನ ಒಬ್ಬ ಮೀನುಗಾರ ಎಂದಿಟ್ಟುಕೊಳ್ಳಿ. ವಯಸ್ಸು 38. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ಆದಾಯ 15 ಸಾವಿರ ಎಂದು ಒಪ್ಪಿದರೆ ವರ್ಷಕ್ಕೆ 1,80,000. ಸ್ವಂತ ದುಡಿಮೆಯ, 40ಕ್ಕಿಂತ ಕೆಳಗಿನ ವಯಸ್ಸಿನವರಿಗೆ ಮುಂದೆ ಆದಾಯ ಏರುತ್ತಿತ್ತು ಎಂದು ಶೇ 40 ಸೇರಿಸುತ್ತಾರೆ. 2,52,000 ಆಯಿತು. ಅವರ ಸ್ವಂತ ಖರ್ಚು ಎಂದು ನಾಲ್ಕನೇ ಒಂದು ಭಾಗ ಕಳೆಯುತ್ತಾರೆ. ಉಳಿದದ್ದು 1,89,000. ಈ ವಯಸ್ಸಿಗೆ ಗುಣಕ 15. ಒಟ್ಟು 28,35,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬೇರೆ ಬಾಬ್ತುಗಳು ಇದರ ಮೇಲೆ.

ಅದೇ ಮನುಷ್ಯನ ಆದಾಯ 25 ಸಾವಿರ ಎಂದು ತೋರಿಸಲು ಸಾಧ್ಯವಾದರೆ ಅದೇ ಲೆಕ್ಕ 47,25,000ಕ್ಕೆ ಮುಟ್ಟುತ್ತದೆ. ವ್ಯತ್ಯಾಸ 18,90,000 ರೂಪಾಯಿ. ಎರಡರ ನಡುವೆ ಇರುವುದು ಬೋಟಿನ ಪಾಲಿನ ಲೆಕ್ಕ ಬರೆದ ಪುಸ್ತಕ, ಬ್ಯಾಂಕಿಗೆ ಕಟ್ಟಿದ ಚೀಟಿ, ಇಷ್ಟೇ. ಬೀಡಿ ಕಟ್ಟುವವರ ಪಿಎಫ್ ಲೆಕ್ಕ, ಹಾಲಿನ ಡೇರಿಯ ಪಾಸ್‌ಪುಸ್ತಕ, ಅಡಿಕೆ ಮಾರಿದ ಬಿಲ್ಲು, ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ ಎಲ್ಲವೂ ಒಂದು ದಿನ ಸಾಕ್ಷಿ ಹೇಳಬಲ್ಲವು. ಬಿಸಾಡಬೇಡಿ.

ಸಂಬಳ ಇಲ್ಲದ ಹೆಂಗಸರ ಲೆಕ್ಕವೂ ನಿಧಾನವಾಗಿ ಬದಲಾಗಿದೆ. 1989ರ ಮಾರ್ಚ್ 3ರಂದು ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಸತ್ತರು. ಆ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ಬೆಲೆ ಕಟ್ಟಿತು. ಮನೆಗೆಲಸವನ್ನು ಲೆಕ್ಕಕ್ಕೇ ಹಿಡಿಯದಿರುವುದು ಸರಿಯಲ್ಲ ಎಂದು ಆಮೇಲಿನ ತೀರ್ಪುಗಳು ಹೇಳಿದವು. 2021ರ ಜನವರಿಯ ತೀರ್ಪೊಂದು ಗೃಹಿಣಿಯ ಲೆಕ್ಕಕ್ಕೂ ಮುಂದಿನ ಏರಿಕೆಯನ್ನು ಸೇರಿಸಬಹುದು ಎಂದಿತು. ರಾಜಿಗೆ ಕೂತಾಗ "ಅವರಿಗೆ ಆದಾಯ ಎಲ್ಲಿತ್ತು?" ಎಂದು ಯಾರಾದರೂ ಕೇಳಿದರೆ ಹೇಳಲು ಇಷ್ಟು ಸಾಕು.

ಆಸ್ಪತ್ರೆಯ ಅಂಗಳದಲ್ಲಿ

ಉಡುಪಿ, ಮಣಿಪಾಲಕ್ಕೆ ಹೊರ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಹೆಚ್ಚಿನವರು ಗುಣವಾಗಿ ಮನೆಗೆ ಹೋಗುತ್ತಾರೆ. ಏನಾದರೂ ಹೆಚ್ಚು ಕಡಿಮೆ ಆದಾಗ ನಮ್ಮ ಊರುಗಳಲ್ಲಿ ನಡೆಯುವುದು ಗೊತ್ತೇ ಇದೆ. ಜನ ಸೇರುತ್ತಾರೆ, ಗಲಾಟೆಯಾಗುತ್ತದೆ, ನಾಲ್ಕು ಮುಖಂಡರು ಬರುತ್ತಾರೆ, ಬಿಲ್ಲು ಬಿಡುತ್ತಾರೆ, ಒಂದು ಕಾಗದಕ್ಕೆ ಸಹಿಯಾಗುತ್ತದೆ. ತಪ್ಪು ನಡೆದಿತ್ತೇ ಇಲ್ಲವೇ ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ವೈದ್ಯರಿಗೂ ಅದು ಅನ್ಯಾಯ, ಮನೆಯವರಿಗೂ ಅನ್ಯಾಯ.

ಬೇರೆ ದಾರಿ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹಣ ಪಡೆದು ಕೊಡುವ ಚಿಕಿತ್ಸೆಯೂ ಸೇವೆಯೇ ಎಂದು 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಹೇಳಿತು. ಅದು ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಅದರ ಹೊರಗೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ ಉಚಿತ ರೋಗಿಗೂ ಹಕ್ಕಿದೆ. 2013ರಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸುಮಾರು 6 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ರೋಗಿ ತೀರಿಹೋದದ್ದು 1998ರಲ್ಲಿ.

ಆದರೆ ರೋಗಿ ಸತ್ತ ಮಾತ್ರಕ್ಕೆ ವೈದ್ಯರ ತಪ್ಪು ಎಂದಾಗುವುದಿಲ್ಲ. ಸಾಮಾನ್ಯ ಜಾಣ್ಮೆಯ ವೈದ್ಯರು ತೆಗೆದುಕೊಳ್ಳುವ ಎಚ್ಚರಿಕೆಯನ್ನು ಇವರು ತೆಗೆದುಕೊಂಡಿರಲಿಲ್ಲ ಎಂದು ತೋರಿಸಬೇಕು. ಅದನ್ನು ಹೇಳುವುದು ದಾಖಲೆ. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಕೇಳುವುದಾದರೆ ಬರವಣಿಗೆಯಲ್ಲಿ ಕೇಳಿ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇದೆ.

ಮತ್ತೆ ಕಾರ್ಕಳದ ಜಗಲಿ

ಆ ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಒಬ್ಬ ಹಿರಿಯ ವಕೀಲರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ ಮೊತ್ತದ ಬಗ್ಗೆ ಅಲ್ಲ. "ಹುಡುಗನ ಕೆಲಸ ಎಂತದ್ದು?"

ಅಡಿಕೆ ಮರ ಹತ್ತುವುದು ಎಂದೆವು.

ಅವರು 2010ರ ಅಕ್ಟೋಬರಿನ ರಾಜ್‌ಕುಮಾರ್ ಪ್ರಕರಣದ ತೀರ್ಪನ್ನು ವಿವರಿಸಿದರು. ಎಡಗೈ ಕತ್ತರಿಸಿದರೆ ವೈದ್ಯರು ಶೇ 60ರಷ್ಟು ಊನ ಎಂದು ಬರೆಯಬಹುದು. ಸರ್ಕಾರಿ ಕಚೇರಿಯ ಗುಮಾಸ್ತನಾದರೆ ಅವನ ಕೆಲಸ ಹೋಗದೆ ಇರಬಹುದು. ಚಾಲಕ ಅಥವಾ ಬಡಗಿಯಾದರೆ ಅವನ ದುಡಿಮೆ ಹೆಚ್ಚು ಕಡಿಮೆ ಪೂರ್ತಿ ಹೋದಂತೆ. ಆದ್ದರಿಂದ ದೇಹದ ಊನ ಎಷ್ಟು ಎಂದು ನೋಡಿದರೆ ಸಾಲದು, ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ನೋಡಬೇಕು.

ನಾವು ಲಕೋಟೆಯ ಕಾಗದಗಳನ್ನು ಮತ್ತೆ ತೆಗೆದು ನೋಡಿದೆವು. ಅಂಗವಿಕಲತೆ ಶೇ 20 ಎಂದು ಇತ್ತು. ಮೊತ್ತವನ್ನು ಆ 20ರ ಮೇಲೆ ಲೆಕ್ಕ ಹಾಕಿದ್ದರು. ನೆಲದ ಮೇಲೆ ನಡೆಯಲು ಶೇ 20 ಕಷ್ಟ ಇರುವ ಕಾಲು ಅಡಿಕೆ ಮರ ಹತ್ತುತ್ತದೆಯೇ? ಕಾಗದ ಬರೆದವರು ಸುಳ್ಳು ಹೇಳಿರಲಿಲ್ಲ. ಹುಡುಗನ ಕೆಲಸ ಏನು ಎಂದು ಕೇಳಿರಲಿಲ್ಲ, ಮನೆಯವರು ಹೇಳಿರಲಿಲ್ಲ.

2019ರ ತಿದ್ದುಪಡಿಯ ನಂತರ ವಿಮಾ ಕಂಪನಿ ತಾನಾಗಿಯೇ ರಾಜಿಯ ಮೊತ್ತ ಹೇಳುವ ವ್ಯವಸ್ಥೆ ಕಾನೂನಿನಲ್ಲೇ ಇದೆ. ಒಪ್ಪಿದರೆ ನ್ಯಾಯಮಂಡಳಿ ಅದನ್ನು ದಾಖಲಿಸುತ್ತದೆ, ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ಅಂದರೆ "ಬೇಡ" ಎಂದರೆ ಎಲ್ಲ ಕಳೆದುಕೊಂಡಂತೆ ಅಲ್ಲ. ಆದರೆ 2022ರ ಏಪ್ರಿಲ್‌ನಿಂದ ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಬಂದಿದೆ. ಅದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ಅದನ್ನು ನಂಬಿ ಕೂರದೆ ಆರು ತಿಂಗಳನ್ನೇ ಗಡಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ವಕೀಲರಿಗೆ ಕೊಡಲು ಹಣ ಇಲ್ಲದವರಿಗೆ ತಾಲೂಕು ಕೋರ್ಟುಗಳಲ್ಲಿ ಕಾನೂನು ಸೇವೆಗಳ ಸಮಿತಿ ಇದೆ, ಜಿಲ್ಲೆಗೆ ಪ್ರಾಧಿಕಾರ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ದೊಡ್ಡ ದುರಂತಗಳ ಸಂತ್ರಸ್ತರು ಇವರಿಗೆಲ್ಲ ಉಚಿತ ಕಾನೂನು ನೆರವಿನ ಹಕ್ಕಿದೆ. ಫೋನಿನಲ್ಲಿ ಕೇಳುವುದಾದರೆ 15100. ಆ ಅಮ್ಮ ಅರ್ಜಿಗೆ ಬೇಕಾದದ್ದನ್ನು ಒಂದೊಂದಾಗಿ ಜೋಡಿಸಿದರು. ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಔಷಧಿಯ ಬಿಲ್ಲು. ಮಗ ಯಾರ ಯಾರ ತೋಟಕ್ಕೆ ಮದ್ದು ಬಿಡಲು ಹೋಗುತ್ತಿದ್ದ, ಎಷ್ಟು ಕೂಲಿ ಎಂದು ಆ ತೋಟದವರಿಂದಲೇ ಬರೆಸಿ ತಂದರು. ಆರು ಮನೆಯವರು ಬರೆದುಕೊಟ್ಟರು.

ಕೇಸು ಈಗ ನಡೆಯುತ್ತಿದೆ. ಎಷ್ಟು ಸಿಗುತ್ತದೆ ಎಂದು ಹೇಳಲು ನಾವು ಯಾರೂ ಅಲ್ಲ. ಮುಂದಿನ ಲೋಕ ಅದಾಲತ್‌ನಲ್ಲಿ ರಾಜಿಯಾಗಿಯೇ ಮುಗಿಯಬಹುದು, ಅದೂ ಒಳ್ಳೆಯದೇ. ಮೊನ್ನೆ ಹೋದಾಗ ಹುಡುಗ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ. ಹಳೆಯ ಕಾಗದ ಇನ್ನೂ ಅದೇ ಪ್ಲಾಸ್ಟಿಕ್ ಲಕೋಟೆಯಲ್ಲಿತ್ತು. ಸಹಿಯ ಜಾಗ ಖಾಲಿ ಇತ್ತು.

"ರಾಜಿ ಆಗುದಾದ್ರೆ ಆಗ್ಲಿ" ಎಂದರು ಅಮ್ಮ. "ಆದ್ರೆ ಈ ಸಲ ಅದ್ರಲ್ಲಿ ಎಂತ ಉಂಟು ಅಂತ ನಂಗೆ ಗೊತ್ತಿರ್ತದೆ."